ಗರ್ಭಕೋಶದ ಮಾತು ಬಿಟ್ಟುಬಿಡು ಅಕ್ಕಾ

ಶೆಫೀಲ್ಡ್
16-2-2025

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾವು ಕ್ಷೇಮ. ಭಾವ, ಆಯಿ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಮಂಗಳವಾರ ಕೈಸೇರಿತು. ಅಂದೇ ಉತ್ತರ ಬರೆಯಲು ಕೂತೆ, ಬೆರಳುಗಳು ಪೆನ್ನು ಹಿಡಿಯಲು ಬಿಡಲಿಲ್ಲ. ಇಂದು ವಾಸಿ. ಅಕ್ಷರ ಸೊಟ್ಟಗಿದೆ ಎಂದು ಗಾಬರಿಯಾಗಬೇಡ, ಆಯಿಗೆ ಪತ್ರ ತೋರಿಸಲೂ ಬೇಡ, ಓದಿ ಹೇಳು ಸಾಕು.

ನೀನು ಕೇಳಿದ್ದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಾನು ಗರ್ಭಕೋಶ ತೆಗೆಸುವುದಿಲ್ಲ. ಚಿಕ್ಕಮ್ಮ ತೆಗೆಸಿಕೊಂಡು ಹಾಯಾಗಿದ್ದಾಳೆ, ಶಿರಸಿಗೆ ಬಂದರೆ ಒಂದು ವಾರದ ಕೆಲಸ ಎಂದು ಬರೆದಿದ್ದೀಯ. ಚಿಕ್ಕಮ್ಮನಿಗೆ ಗಡ್ಡೆಯಿತ್ತು, ರಕ್ತ ಹೋಗುವುದು ನಿಲ್ಲುತ್ತಲೇ ಇರಲಿಲ್ಲ. ನನಗೆ ಮುಟ್ಟು ನಿಂತೇ ಹದಿನಾಲ್ಕು ತಿಂಗಳಾಯಿತು. ಈ ಬೆವರು, ಎದೆಬಡಿತ, ನಿದ್ದೆಗೇಡು ಎಲ್ಲವೂ ಅಂಡಾಶಯದಿಂದ ಬರುತ್ತಿದ್ದ ಈಸ್ಟ್ರೋಜನ್ ಎಂಬ ಹಾರ್ಮೋನ್ ಬತ್ತಿದ್ದರಿಂದ. ಗರ್ಭಕೋಶ ತೆಗೆದರೆ ಅದು ಮರಳುತ್ತದೆಯೇ? ಪಕ್ಕದ ಮನೆಯ ಸೊಸೆಗೂ ಯಾರೋ ಇದನ್ನೇ ಹೇಳಿದ್ದಾರಂತಲ್ಲ, ಅವಳಿಗೆ ಇನ್ನೂ 41. ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಒಪ್ಪಬೇಡ ಎಂದು ನೀನೇ ಹೋಗಿ ಹೇಳು. ಆ ವಯಸ್ಸಿನಲ್ಲಿ ಅಂಡಾಶಯವನ್ನೂ ಜೊತೆಗೆ ತೆಗೆದುಬಿಟ್ಟರೆ, ಮೆಲ್ಲಗೆ ವರ್ಷಗಟ್ಟಲೆ ಬರಬೇಕಾದದ್ದು ಒಂದೇ ರಾತ್ರಿಯಲ್ಲಿ ಬಂದು ಬೀಳುತ್ತದೆ. ಮೂಳೆಯೂ ಬೇಗ ಸವೆಯುತ್ತದೆ.

ನನ್ನ ತೊಂದರೆ ಯಾವ ನೋವು ಯಾವುದರದು ಎಂದು ತಿಳಿಯದಿದ್ದದ್ದು. ಸಂಧಿವಾತ ಹನ್ನೊಂದು ವರ್ಷದಿಂದ ಇದ್ದೇ ಇದೆ. ಮೊದಲು ನೋಡಿದ ಡಾಕ್ಟರು ಬೆವರು, ಮರೆವು, ಸುಸ್ತು ಎಲ್ಲವನ್ನೂ ಅದರ ಲೆಕ್ಕಕ್ಕೇ ಸೇರಿಸಿಬಿಟ್ಟರು. ನೀನು ಕಳಿಸಿದ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರ ಮೇಲೆ ಗುರುತು ಹಾಕತೊಡಗಿದೆ. ಗೆಣ್ಣು ಊದಿ ಬಿಸಿಯಾದ ದಿನ ಕೆಂಪು ಚುಕ್ಕೆ, ರಾತ್ರಿ ಬೆವತು ಎದ್ದರೆ ನೀಲಿ ಚುಕ್ಕೆ, ಊತವಿಲ್ಲದೆ ಮೈಯೆಲ್ಲ ನೋಯುವ ದಿನ ಒಂದು ಗೆರೆ. ಎರಡು ತಿಂಗಳು ಕಳೆದ ಮೇಲೆ ನೋಡಿದರೆ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲೆಲ್ಲ ನೀಲಿ ಚುಕ್ಕೆ, ಅದರ ಮರುದಿನ ತಪ್ಪದೆ ಗೆರೆ. ಕೆಂಪು ನಾಲ್ಕೇ ನಾಲ್ಕು. ನಿದ್ದೆ ಕೆಟ್ಟ ರಾತ್ರಿಯೇ ಮರುದಿನದ ನೋವನ್ನು ಹೆಚ್ಚಿಸುತ್ತಿತ್ತು. ಆ ಹಾಳೆಗಳನ್ನು ಹರಿದುಕೊಂಡು ಹೋಗಿ ಬೇರೆ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಆಕೆ ಒಂದೊಂದು ತಿಂಗಳನ್ನೂ ಕೂತು ನೋಡಿದರು. 45 ದಾಟಿದವರಲ್ಲಿ ಇದು ಮುಟ್ಟು ನಿಲ್ಲುವುದರ ತೊಂದರೆ ಎಂದು ಗುರುತಿಸಲು ರಕ್ತಪರೀಕ್ಷೆಯೇ ಬೇಕಿಲ್ಲ, ಲಕ್ಷಣಗಳೇ ಸಾಕು ಎಂದರು.

ಈಗ ಸೊಂಟದ ಕೆಳಗೆ ಈಸ್ಟ್ರೋಜನ್ ಇರುವ ಒಂದು ಪಟ್ಟಿ ಅಂಟಿಸಿಕೊಳ್ಳುತ್ತೇನೆ, ಪಾರದರ್ಶಕ, ನಮ್ಮ ಹಳೆಯ ಎಂಟಾಣೆಗಿಂತ ಸ್ವಲ್ಪ ದೊಡ್ಡದು. ವಾರಕ್ಕೆ ಎರಡು ಸಲ ಬದಲಿಸಬೇಕು. ಗರ್ಭಕೋಶ ಇರುವುದರಿಂದ ಅದರ ಒಳಪದರ ಬೆಳೆಯದಂತೆ ರಾತ್ರಿ ಪ್ರೊಜೆಸ್ಟರಾನ್ ಮಾತ್ರೆ. ಇದು ಸಂಧಿವಾತದ ಔಷಧವಲ್ಲ. ಅದಕ್ಕೆ ಶುಕ್ರವಾರದ ಮೆಥೋಟ್ರೆಕ್ಸೇಟ್ ಹಾಗೆಯೇ ಇದೆ, ವಾರಕ್ಕೆ ಒಂದೇ ದಿನ. ಕ್ಯಾನ್ಸರ್ ಬರುವುದಿಲ್ಲವೇ ಎಂದು ನೀನು ಕೇಳಿದ್ದು ಸರಿ. ಈ ಎರಡನ್ನೂ ಸೇರಿಸಿ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಹೆಚ್ಚುವುದು ನಿಜ, ಡಾಕ್ಟರು ಮುಚ್ಚಿಡಲಿಲ್ಲ. ಆದರೆ ಈ ಹಿಂದೆ ನುಂಗಿದ ಸ್ಟಿರಾಯ್ಡ್‌ನಿಂದ ನನ್ನ ಸೊಂಟದ ಮೂಳೆ ಈಗಾಗಲೇ ತೆಳುವಾಗಿದೆ, ಈಸ್ಟ್ರೋಜನ್ ಅದನ್ನು ಕಾಯುತ್ತದೆ. ಚರ್ಮದ ಮೂಲಕ ಹೋಗುವುದರಿಂದ ಮಾತ್ರೆಯಂತೆ ರಕ್ತ ಹೆಪ್ಪುಗಟ್ಟುವ ಭಯವೂ ಇಲ್ಲ. ತೂಗಿ ನೋಡಿಯೇ ಒಪ್ಪಿದೆ. ಇಲ್ಲಿ 50 ತುಂಬಿದ ಮೇಲೆ ಮೂರು ವರ್ಷಕ್ಕೊಮ್ಮೆ ಸ್ತನದ ಎಕ್ಸ್‌ರೇಗೆ ಕರೆ ಬರುತ್ತದೆ, ತಪ್ಪಿಸುವುದಿಲ್ಲ.

ದುಡ್ಡಿನ ಚಿಂತೆ ಬೇಡ. ಇಂಗ್ಲೆಂಡಿನಲ್ಲಿ 2023ರ ಏಪ್ರಿಲ್‌ನಿಂದ ಈ ಹಾರ್ಮೋನ್ ಔಷಧಗಳಿಗೆಂದೇ, ಒಮ್ಮೆ ದುಡ್ಡು ಕಟ್ಟಿದರೆ ವರ್ಷವಿಡೀ ನಡೆಯುವ ಚೀಟಿಯೊಂದಿದೆ. ಈಗ 19.80 ಪೌಂಡ್, ಎರಡು ಸಾವಿರ ರೂಪಾಯಿ ಚಿಲ್ಲರೆ. ಇನ್ನೊಂದು ಹೇಳಿದರೆ ನಂಬುವುದಿಲ್ಲ. ಇಲ್ಲಿ ಹೆಂಗಸರು, ಗಂಡಸರೂ ಸಹ, ಚಹಾ ಕೇಕ್ ಇಟ್ಟುಕೊಂಡು ಮುಟ್ಟು ನಿಲ್ಲುವುದರ ಬಗ್ಗೆ ಮಾತಾಡಲೆಂದೇ ಸೇರುತ್ತಾರೆ. ಮೆನೋಪಾಸ್ ಕೆಫೆ ಎಂದು ಹೆಸರು, 2017ರಲ್ಲಿ ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ಶುರುವಾದದ್ದು. ಒಮ್ಮೆ ಇವರನ್ನೂ ಕರೆದುಕೊಂಡು ಹೋಗಿದ್ದೆ. ಅಂದಿನಿಂದ ನಾನು ಡಿಸೆಂಬರಿನ ಚಳಿಯಲ್ಲಿ ನಡುರಾತ್ರಿ ಕಿಟಕಿ ತೆರೆದರೂ ಮಾತಾಡದೆ ಇನ್ನೊಂದು ಕಂಬಳಿ ಹೊದ್ದುಕೊಳ್ಳುತ್ತಾರೆ.

ಅಲ್ಲಿ ಕೂತಾಗ ನಿನ್ನದೇ ನೆನಪು ಅಕ್ಕಾ. ನಾವು ರಜೆಗೆ ಬಂದಿದ್ದ ವರ್ಷ ನೀನು ದಿನಾ ರಾತ್ರಿ ಎದ್ದು ಜಗುಲಿಯ ತಣ್ಣನೆಯ ನೆಲದ ಮೇಲೆ ಒಬ್ಬಳೇ ಕೂರುತ್ತಿದ್ದೆ. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದೆ. ಸೆಕೆ ಎಂದುಕೊಂಡು ನಾನು ಮಗ್ಗುಲು ಬದಲಿಸಿ ಮಲಗಿದೆ. ಏನಾಗುತ್ತಿದೆ ಎಂದು ಒಂದು ಮಾತು ಕೇಳಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನಮಗೆಲ್ಲ ದೋಸೆ ಎರೆದವಳೂ ನೀನೇ. ಕ್ಷಮಿಸು. ನಿನ್ನ ಮೂಳೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕು, ನಾನು ಬಂದಾಗ ಹುಬ್ಬಳ್ಳಿಗೆ ಜೊತೆಯಾಗಿ ಹೋಗೋಣ. ಇಲ್ಲ ಎನ್ನಬೇಡ.

ಮದುವೆಗೆ ಖಂಡಿತ ಬರುತ್ತೇನೆ, ಟಿಕೆಟ್ ಆಗಿದೆ. ಪಂಕ್ತಿಯಲ್ಲಿ ನೆಲಕ್ಕೆ ಕೂರಲಾರೆ, ಒಂದು ಕುರ್ಚಿ ಹಾಕಿಸು. ಮುರುಗಲು ಪಾನಕ ಇದ್ದರೆ ಮತ್ತೇನೂ ಬೇಡ. ನಾನು ಚೆನ್ನಾಗಿದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ. ಕಳೆದ ವಾರ ಐದು ರಾತ್ರಿ ನಿದ್ದೆ ಬಂತು, ನಿನ್ನೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ನಾನೇ ತೆಗೆದೆ.

ಬೆಂಗಳೂರಿಗೆ ಹೊರಟವರು ಬಾಗಿಲಲ್ಲಿ ನಿಂತಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಆಯಿಗೆ ನಮಸ್ಕಾರ ಹೇಳು. ಉಳಿದದ್ದು ಫೋನಿನಲ್ಲಿ.

ನಿನ್ನ ತಂಗಿ