ಗುಳಿಗೆ ತಂದುಕೊಡುವವರು ಯಾರು?

ಮಾನ್ಯರೇ,

ಕೊರೊನಾ ಬಂದು ಮನೆಯಲ್ಲೇ ಪ್ರತ್ಯೇಕವಾಗಿರುವವರಿಗೆ ದಿನಸಿ, ಔಷಧಿ ತಲುಪಿಸುವ ವ್ಯವಸ್ಥೆ ಧಾರವಾಡದಲ್ಲಿ ಸರಿಯಾಗಿಲ್ಲ. ಕನಿಷ್ಠ 10 ದಿನ ಹೊಸ್ತಿಲು ದಾಟಬೇಡಿ ಅನ್ನುತ್ತಾರೆ. ಸರಿ, ದಾಟುವುದಿಲ್ಲ. ಆದರೆ ಈ ಮೇ 2021ರ ಲಾಕ್‌ಡೌನ್‌ನಲ್ಲಿ ಕಿರಾಣಿ ಅಂಗಡಿ ತೆರೆದಿರುವುದೇ ಬೆಳಿಗ್ಗೆ 6ರಿಂದ 10ರವರೆಗೆ. ಆ ನಾಲ್ಕು ತಾಸಿನ ಗದ್ದಲದಲ್ಲಿ ಅಂಗಡಿಯವರು ಫೋನ್ ಎತ್ತುವುದೇ ಇಲ್ಲ.

ಮನೆಯಲ್ಲಿ ನಾವಿಬ್ಬರೇ, ಇಬ್ಬರಿಗೂ ಅರವತ್ತು ದಾಟಿದೆ. ಪಕ್ಕದ ಮನೆಯ ಹುಡುಗ ಜೋಳದ ಹಿಟ್ಟಿನ ಚೀಲವನ್ನು ಗೇಟಿಗೆ ತೂಗುಹಾಕಿ ಹೋಗುತ್ತಾನೆ, ಪುಣ್ಯಾತ್ಮ. ಹಿಟ್ಟು ಒಂದು ದಿನ ತಡವಾದರೆ ಅನ್ನ ಉಂಡು ಇರಬಹುದು. ಬಿ.ಪಿ. ಗುಳಿಗೆ ತಪ್ಪಿಸುವಂತಿಲ್ಲ ಅಲ್ವಾ? ಇನ್ಸುಲಿನ್ ಅಂತೂ ಮೇ ತಿಂಗಳ ಬಿಸಿಲಿನಲ್ಲಿ ಗೇಟಿಗೆ ನೇತುಹಾಕುವ ವಸ್ತುವೇ ಅಲ್ಲ. ಬಳಸಲು ಶುರು ಮಾಡುವವರೆಗೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಹೋಂ ಡೆಲಿವರಿಗೆ ಅನುಮತಿ ಇದೆ, ನಿಜ. ಆ್ಯಪ್ ಬಳಸಲು ಬಾರದ ವಯಸ್ಸಾದವರು ಏನು ಮಾಡಬೇಕು?

ಪಾಲಿಕೆಯು ಪ್ರತಿ ವಾರ್ಡಿಗೆ ಒಂದು ಕಿರಾಣಿ ಅಂಗಡಿ, ಒಂದು ಔಷಧಿ ಅಂಗಡಿ ಗೊತ್ತುಮಾಡಲಿ. ಪಾಸಿಟಿವ್ ಬಂದ ದಿನವೇ ಅವುಗಳ ಫೋನ್ ನಂಬರನ್ನು ಮನೆಯವರಿಗೆ ಕೊಡಲಿ. ಹಿಂದಿನ ಸಂಜೆ ಹೇಳಿದ ಸಾಮಾನನ್ನು ಮರುದಿನ 10ರ ಮೇಲೆ, ಗದ್ದಲ ಕಡಿಮೆಯಾದಾಗ, ತಲುಪಿಸಬಹುದು. ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವುದು ಬೇಡ, ಅವರಿಗೆ ಈಗಲೇ ಕೆಲಸ ಜಾಸ್ತಿ. ಓಣಿಯ ಹುಡುಗರು ಸಹಾಯಕ್ಕೆ ತಯಾರಿದ್ದಾರೆ. ಪೊಲೀಸರು ತಡೆಯದಂತೆ ಅವರಿಗೊಂದು ಪಾಸ್ ಕೊಡಲಿ.

–ನಿವೃತ್ತ ಶಿಕ್ಷಕ, ಸಪ್ತಾಪುರ, ಧಾರವಾಡ (ಮೇ 2021)