ನಾನು ಒಪ್ಪುವವರೆಗೆ ಕಾದವರಿಗೆ

ಎಚ್‌ಐವಿ ಇರುವ ನನ್ನ ಗಂಡನ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ವರದಿ, ಎರಡನೆಯ ಸಲವೂ ‘ಪತ್ತೆಯಾಗಿಲ್ಲ’ ಎಂದು ಬಂದಿದೆ. ನನ್ನ ಎಚ್‌ಐವಿ ಪರೀಕ್ಷೆ ನೆಗೆಟಿವ್. ಸೋಂಕು ತಗಲದಂತೆ ನಾನು ನುಂಗುತ್ತಿದ್ದ ಪ್ರೆಪ್ ಮಾತ್ರೆಯನ್ನು ಇನ್ನು ನಿಲ್ಲಿಸಬಹುದು ಎಂದು ವೈದ್ಯರು ಹೇಳಿದ್ದಾರೆ. ಇದನ್ನು ಬರೆಯಲು ಗಂಡನ ಒಪ್ಪಿಗೆಯಿದೆ. ಹೆಸರು ಬೇಡ ಎಂಬುದು ಇಬ್ಬರ ತೀರ್ಮಾನ. ಹಾಸನದಲ್ಲಿ ಹೊಲಿಗೆ ಮಾಡಿಕೊಂಡಿರುವ ಒಬ್ಬ ಹೆಂಗಸು ಎಂದಷ್ಟು ತಿಳಿದರೆ ಸಾಕು.

ಅವರಿಗೆ ಕ್ಷಯ ಬಂದಾಗ, ಕ್ಷಯ ರೋಗಿಗಳಿಗೆಲ್ಲ ಮಾಡುವಂತೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿದರು. ಹಾಗೆ ತಿಳಿಯಿತು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಚಿಕಿತ್ಸೆ ಶುರುವಾದ ಕೂಡಲೇ ವೈರಸ್ ತಗ್ಗುವುದಿಲ್ಲ. ಅದು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಅಲ್ಲಿಯವರೆಗಿನ ತಿಂಗಳುಗಳಲ್ಲಿ, ಕಾಂಡೋಮ್ ಜೊತೆಗೆ, ಸೋಂಕಿಲ್ಲದ ಸಂಗಾತಿಯನ್ನು ಕಾಯುವುದು ಪ್ರೆಪ್: ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್ ಸೇರಿದ ಮಾತ್ರೆ, ದಿನಕ್ಕೊಂದು.

ಇದರ ಹೆಸರನ್ನು ನನಗೆ ಮೊದಲು ಹೇಳಿದವರು ಐಸಿಟಿಸಿಯ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ, ಆಪ್ತಸಮಾಲೋಚಕಿ. ಅಕ್ಕ, ಮೊದಲ ನಮಸ್ಕಾರ ನಿಮಗೆ. ಅಂದು ನಾನು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಇವಳಿಗೆ ಭಯ ಸಾಲದು ಎಂದುಕೊಂಡು ನೀವು ಇನ್ನಷ್ಟು ಹೆದರಿಸಲಿಲ್ಲ. ‘ಮನೆಯಲ್ಲಿ ಮಾತ್ರೆ ಎಲ್ಲಿಡುತ್ತೀಯಮ್ಮ?’ ಎಂದು ಕೇಳಿದಿರಿ. ನಾನು ಬಾಯಿ ಬಿಟ್ಟದ್ದು ಆಮೇಲೆಯೇ.

ಸೋಂಕಿನ ಭಯ ನನಗೆ ಬೇಕಾದಷ್ಟಿತ್ತು. ಅದಕ್ಕಿಂತ ದೊಡ್ಡದು ಡಬ್ಬಿಯ ಭಯ. ಗಂಡನ ಮಾತ್ರೆಯ ಡಬ್ಬಿಯಂಥದೇ ಇದೂ; ಕಂಡವರು ನನಗೂ ಕಾಯಿಲೆ ಎನ್ನುತ್ತಾರೆ. ನಾದಿನಿ ಓದಿದವಳು, ಡಬ್ಬಿಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ? ಹಾಸನಾಂಬೆಯ ಬಾಗಿಲು ತೆರೆದಾಗ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ನೆಂಟರು. ಯಾರ ಕಣ್ತಪ್ಪಿಸಿ ನುಂಗಲಿ? ಇನ್ನೊಂದು ಮಾತು ಹೇಳಲು ಕಷ್ಟ. ನಾನು ಮಾತ್ರೆ ಕೇಳಿದರೆ, ನಿಮ್ಮ ಮೇಲೆ ನಂಬಿಕೆಯಿಲ್ಲ ಎಂದು ಗಂಡನ ಮುಖಕ್ಕೇ ಹೇಳಿದಂತಾಗುತ್ತದೆಯೇ ಎಂಬ ಅಳುಕು. ಇವಕ್ಕೆಲ್ಲ ದಾರಿ ಕಾಣುವ ಮೊದಲೇ ‘ಒಪ್ಪಿಗೆಯೇ?’ ಎಂದು ಕೇಳಿದರೆ ಹೆಂಗಸರು ತಲೆ ತಗ್ಗಿಸುತ್ತಾರೆ. ದಯವಿಟ್ಟು ಅದನ್ನು ಅಸಡ್ಡೆ ಎಂದು ಬರೆದುಕೊಳ್ಳಬೇಡಿ.

ಅಕ್ಕನಿಂದಲೇ ನನಗೆ ದೂರದ ಹೆಂಗಸರ ವಿಷಯವೂ ತಿಳಿಯಿತು. ಕೀನ್ಯಾ, ಉಗಾಂಡಾಗಳಲ್ಲಿ ನಮ್ಮಂತೆಯೇ ಒಬ್ಬರಿಗೆ ಮಾತ್ರ ಸೋಂಕಿದ್ದ 4,700ಕ್ಕೂ ಹೆಚ್ಚು ದಂಪತಿಗಳು ಈ ಔಷಧದ ಅಧ್ಯಯನಕ್ಕೆ ಒಪ್ಪಿಕೊಂಡಿದ್ದರು. ಎರಡೂ ಔಷಧ ಸೇರಿದ ಮಾತ್ರೆ ಸೋಂಕನ್ನು ಶೇ 75ರಷ್ಟು ತಗ್ಗಿಸಿತೆಂದು 2012ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಂದ ಇನ್ನೊಂದು ವರದಿ ಕೀನ್ಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಹೆಂಗಸರದು. ಅಲ್ಲಿ ಇದೇ ಮಾತ್ರೆಯಿಂದ ಪ್ರಯೋಜನ ಕಾಣಲಿಲ್ಲ. ರಕ್ತ ಪರೀಕ್ಷಿಸಿದಾಗ, ಇತ್ತೀಚೆಗೆ ಮಾತ್ರೆ ನುಂಗಿದ ಗುರುತು ಶೇ 40ಕ್ಕಿಂತ ಕಡಿಮೆ ಮಂದಿಯಲ್ಲಿ ಸಿಕ್ಕಿತು. ನನಗೆ ಹತ್ತಿರವೆನಿಸಿದವರು ಈ ಎರಡನೆಯವರು. ಅಳುಕುವವಳು ನಾನೊಬ್ಬಳೇ ಅಲ್ಲ, ಡಬ್ಬಿ ಕೈಯಲ್ಲಿದ್ದೂ ನುಂಗಲಾಗದ ಹೆಂಗಸರೂ ಇದ್ದಾರೆ ಎಂದು ಅವರಿಂದ ತಿಳಿಯಿತು. ಇದು ಬಚ್ಚಿಟ್ಟುಕೊಂಡು ನಡೆಸುವ ಕೆಲಸವಲ್ಲ, ಗಂಡನಿಗೆ ಹೇಳಿಯೇ ಶುರುಮಾಡಬೇಕು ಎಂದು ನಿರ್ಧರಿಸಿದ್ದೂ ಆಗಲೇ. ಅವರಿಗೆ ನನ್ನ ಕೃತಜ್ಞತೆ ತಲುಪುವ ದಾರಿಯಿಲ್ಲ, ಆದರೂ ಬರೆಯುತ್ತಿದ್ದೇನೆ.

ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಚೀಟಿ ಕೇಳಿದಾಗ, ‘ಇದೆಲ್ಲ ಸಂಸಾರಸ್ಥ ಹೆಂಗಸರಿಗಲ್ಲ’ ಎಂಬ ಮಾತು ಕೇಳಬೇಕಾಯಿತು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಅಂದರೋ ಅವರಿಂದಲೇ ನನಗೆ ಧೈರ್ಯ ಬಂದದ್ದು. ಮೈಸೂರಿನ ಆಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರು ತಾವೇ ಮುಂದೆ ನಿಂತು ಪ್ರೆಪ್ ಪ್ರಾಯೋಗಿಕ ಯೋಜನೆಯನ್ನು ನಡೆಸಿದರು, ಬಹುತೇಕರು ಬಿಡದೆ ನುಂಗಿದರು. ತಾಯಂದಿರೇ, ನಿಮಗೆ ಕೈಮುಗಿಯುತ್ತೇನೆ.

ಚೀಟಿ ಬರೆದುಕೊಟ್ಟ ವೈದ್ಯೆಗೆ ವಂದನೆ. ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ, ಮೂತ್ರಪಿಂಡದ ಪರೀಕ್ಷೆಗಳನ್ನು ಮಾಡಿಸಿದರು. ಶುರುವಿನಲ್ಲಿ ವಾಕರಿಕೆ, ತಲೆನೋವು ಬರಬಹುದೆಂದು ಮುಂಚೆಯೇ ತಿಳಿಸಿದರು, ಬಂತು, ಹೋಯಿತು. ಹೆಂಗಸರಿಗೆ ದಿನ ಬಿಟ್ಟು ದಿನ ನುಂಗಿದರೆ ಸಾಲದು, ಪ್ರತಿದಿನವೂ ಬೇಕು ಎಂದು ಒತ್ತಿ ಹೇಳಿದರು. ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ತಪ್ಪಿಸಲಿಲ್ಲ.

ಗಂಡನಿಗೆ ಹೇಳಿದ ರಾತ್ರಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಊಟವಾದ ಮೇಲೆ ಇಬ್ಬರೂ ಒಟ್ಟಿಗೇ ನುಂಗೋಣ, ಮರೆಯುವುದಿಲ್ಲ’ ಎಂದರು. ನೆಂಟರು ತುಂಬಿದ್ದಾಗ ನೀರಿನ ಲೋಟ ಹಿಡಿದು ನನ್ನನ್ನು ಒಳಕೋಣೆಗೆ ಕರೆಯುತ್ತಿದ್ದವರು ಅವರೇ. ಅತ್ತೆಗೆ ಎಷ್ಟು ಗೊತ್ತಿತ್ತೋ ನಾನು ಕೇಳಿಲ್ಲ. ‘ನಿನ್ನದೂ ಆಯಿತೇನಮ್ಮ?’ ಎಂದು ವಿಚಾರಿಸುತ್ತಿದ್ದರು. ಅತ್ತೆ, ನೀವು ಅದಕ್ಕಿಂತ ಹೆಚ್ಚು ಕೇಳದೆ ಇದ್ದದ್ದು ದೊಡ್ಡ ಉಪಕಾರ.

ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಾಪಾವಿರ್ ಎಂಬ ಚುಚ್ಚುಮದ್ದು ಬಂದಿದೆ. ದಕ್ಷಿಣ ಆಫ್ರಿಕಾ, ಉಗಾಂಡಾಗಳ ಅಧ್ಯಯನದಲ್ಲಿ ಅದನ್ನು ಪಡೆದ 2,000ಕ್ಕೂ ಹೆಚ್ಚು ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ಡಬ್ಬಿಯೇ ಬೇಡ! ಸಕಲೇಶಪುರ, ಆಲೂರಿನ ತಾಲ್ಲೂಕು ಆಸ್ಪತ್ರೆಗಳವರೆಗೂ ಅದು ಬೇಗ ಬರಲೆಂದು ಆಸೆಪಡುತ್ತೇನೆ.

ಈಗ ಇದೇ ಸ್ಥಿತಿಯಲ್ಲಿರುವವರು 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು. ಯಾರದೇ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆಂದು 2017ರ ಕಾಯ್ದೆಯೇ ಇದೆ. ನನ್ನ ಫೋನ್ ನಂಬರನ್ನು ಅಕ್ಕನ ಬಳಿ ಕೊಟ್ಟಿದ್ದೇನೆ. ಮಾತ್ರೆ ಶುರುಮಾಡುವ ಮುಂಚೆ ಇನ್ನೊಬ್ಬ ಹೆಂಗಸಿನ ಜೊತೆ ಮಾತನಾಡಬೇಕೆನಿಸಿದವರು ಅವರನ್ನು ಕೇಳಿ ಪಡೆಯಿರಿ.