ಭಾನುವಾರದ ಅಧ್ಯಯನಕ್ಕೆ ಮುಂಚೆ ಒಂದು ಕೆಲಸ

ಯೇಸುವಿನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ಈ ಭಾನುವಾರ ಸಂಜೆ 6 ಗಂಟೆಗೆ ಪರ್ವತ ಪ್ರಸಂಗದ, ಅಂದರೆ ಯೇಸು ಬೆಟ್ಟದ ಮೇಲೆ ಜನರಿಗೆ ಮಾಡಿದ ಬೋಧನೆಯ, ಅಧ್ಯಯನ ಮುಂದುವರಿಯುತ್ತದೆ. ಭಾಗ: ಮತ್ತಾಯ 5:21–26. ಈ ಸಲ ಬರೀ ಓದಿಕೊಂಡು ಬಂದರೆ ಸಾಲದು.

23ನೆಯ ವಚನವನ್ನು ನಿಧಾನವಾಗಿ ಓದಿ. ನನಗೆ ಸಹೋದರನ ಮೇಲೆ ಕೋಪವಿದ್ದರೆ ಎಂದಲ್ಲ, ಅವನಿಗೆ ನನ್ನ ಮೇಲೆ ಏನಾದರೂ ಇದ್ದರೆ ಎಂದಿದೆ. ಯಜ್ಞವೇದಿಗೆ ಕಾಣಿಕೆ ತಂದಾಗ ಅದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಅವನೊಂದಿಗೆ ರಾಜಿಯಾಗಲು ಹೋಗಬೇಕು. ಕೇಳುತ್ತಿದ್ದವರಲ್ಲಿ ಗಲಿಲಾಯದವರಿದ್ದರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಮನೆಗೆ ಹೋಗಿ ರಾಜಿಯಾಗಿ ಮರಳುವುದೆಂದರೆ ಹಲವು ದಿನಗಳ ಕಾಲ್ನಡಿಗೆ. ಯೇಸು ಕೇಳಿದ್ದು ಅಷ್ಟು ದೊಡ್ಡದನ್ನು.

ಆದ್ದರಿಂದ ಭಾನುವಾರದೊಳಗೆ ನಮ್ಮಿಂದ ನೊಂದ ಒಬ್ಬರನ್ನು ನೆನೆದು, ಪ್ರಾರ್ಥಿಸಿ, ಒಂದು ಹೆಜ್ಜೆ ಇಡೋಣ. ಭೇಟಿಯಾದರೆ ಒಳ್ಳೆಯದು, ಇಲ್ಲವೇ ಫೋನ್ ಸಾಕು. ನಿನ್ನೆ ಅಕ್ಕನಿಗೆ ಬರೆಯಲು ಕುಳಿತಾಗ, “ತಪ್ಪಾಯಿತು” ಎಂದ ಮೇಲೆ ನನ್ನ ಬೆರಳು ತಾನಾಗಿಯೇ “ಆದರೆ ನೀನೂ” ಎಂದು ಬರೆಯಿತು. ಅದನ್ನು ಅಳಿಸಿದ ಮೇಲೆಯೇ ಕಳುಹಿಸಿದೆ. ನೀವೂ ಆ “ಆದರೆ”ಯನ್ನು ಬಿಟ್ಟುಬಿಡಿ.

ಹಿಂಸೆ ಕೊಟ್ಟವರ ಬಳಿಗೆ ಹೋಗಬೇಕೆಂದು ಯಾರೂ ಭಾವಿಸಬೇಡಿ. ಈ ವಚನ ನೋಯಿಸಿದವರಿಗೆ ಹೇಳಿದ್ದು. ಅಂಥ ನೋವಿದ್ದರೆ ನನಗೆ ಪ್ರತ್ಯೇಕವಾಗಿ ತಿಳಿಸಿ, ಜೊತೆಗಿರುತ್ತೇನೆ.

ಅನುಭವ ಹಂಚಿಕೊಳ್ಳುವುದು ನಿಮ್ಮ ಇಷ್ಟ. ಎದುರಿನವರ ಹೆಸರನ್ನು ಮಾತ್ರ ಇಲ್ಲಿಯಾಗಲಿ ಸಭೆಯಲ್ಲಾಗಲಿ ಹೇಳಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ “ಬರುತ್ತೇನೆ” ಎಂದು ಇಲ್ಲಿ ಬರೆಯಿರಿ. ಆರಂಭದ ಪ್ರಾರ್ಥನೆಗೆ ಒಬ್ಬರು ಬೇಕು, ಯಾರು ಮಾಡುತ್ತೀರಿ?